ಆದಾಗ್ಯೂ ಮೇಷ್ಟ್ರ ಡಾಕ್ಟರೇಟು

ಸಂಜೆ ಕಾಲೇಜಿನ ಗ್ರಂಥಾಲಯದಲ್ಲಿ, ದಿನಪತ್ರಿಕೆಗಳ ಸ್ಟ್ಯಾಂಡಿಗೂ ಕೈತೊಳೆಯುವ ಬೇಸಿನ್ನಿಗೂ ನಡುವೆ ಒಂದು ಮೇಜಿದೆ. ಮೇಲೆ ಒಂದು ಕಂಪ್ಯೂಟರು, ಎದುರಿಗೆ ಪಕ್ಕಪಕ್ಕ ಎರಡು ಕುರ್ಚಿ, ಗೋಡೆಯಲ್ಲಿ ‘ಬರವಣಿಗೆ ನೆರವು ಕೇಂದ್ರ’ ಎಂಬ ಫಲಕ. ಕೇಂದ್ರವೆಂದರೆ ಇಷ್ಟೇ. ಆದರೆ ಆ ಮೇಜಿನ ಮೇಷ್ಟ್ರು ದಿನಾ ಸಂಜೆ ಅಂಗಿಯ ಗುಂಡಿ ಹಾಕಿಕೊಳ್ಳುತ್ತ, ಬೀದಿಗೆಲ್ಲ ಕೇಳುವ ಹಾಗೆ ‘ಕೇಂದ್ರಕ್ಕೆ ಹೋಗಿಬರ್ತೀನಿ’ ಎಂದೇ ಮನೆ ಬಿಡುತ್ತಿದ್ದರು. ಪಕ್ಕದ ಮನೆಗೆ ಬಾಡಿಗೆಗೆ ಬಂದ ಹೊಸಬರು ಅವರನ್ನು ಯಾವುದೋ ದೊಡ್ಡ ಹುದ್ದೆಯವರೆಂದು ತಿಳಿದು ಎದ್ದು ನಿಲ್ಲುತ್ತಿದ್ದರು. ಮೇಷ್ಟ್ರು ಅವರ ತಿಳಿವಳಿಕೆಯನ್ನು ತಿದ್ದುವ ಗೋಜಿಗೆ ಹೋಗುತ್ತಿರಲಿಲ್ಲ.

ತಿದ್ದುವುದೇ ಅವರ ಕಸುಬು ಎಂಬುದು ಬೇರೆ ಮಾತು. ಹಗಲೆಲ್ಲ ದುಡಿದು, ಸಂಜೆ ಪಾಠಕ್ಕೆ ಬರುವ ದೊಡ್ಡವರಿಗೆ ಬರೆಯುವುದನ್ನು ಕಲಿಸುವುದು ಅವರ ಕೆಲಸ. ಬಸ್ಸಿನ ಕಂಡಕ್ಟರು, ಲಿಫ್ಟು ನಡೆಸುವವರು, ಕೊಳಾಯಿ ರಿಪೇರಿಯವರು, ಬಟ್ಟೆ ಹೊಲಿಯುವವರು, ಮೊಮ್ಮಕ್ಕಳಿಗೆ ಊಟ ಮಾಡಿಸಿ ಬರುವ ಅಜ್ಜಿಯರು. ಕೊನೆಯ ವರ್ಷ ಪ್ರತಿಯೊಬ್ಬರೂ ತಮ್ಮ ತಮ್ಮ ಕೆಲಸದ ಬಗ್ಗೆ ಒಂದು ಉದ್ದನೆಯ ಪ್ರಬಂಧ ಬರೆದುಕೊಡಬೇಕು, ಆಗಲೇ ಪ್ರಮಾಣಪತ್ರ. ಇಪ್ಪತ್ತು ವರ್ಷ ಪೆನ್ನು ಮುಟ್ಟದೆ ಬದುಕಿದ ಕೈಗೆ ಇದು ಬೆಟ್ಟ ಹತ್ತಿಸಿದ ಹಾಗೆ. ಆಗ ಅವರು ಬೇಸಿನ್ನಿನ ಪಕ್ಕದ ಮೇಜಿಗೆ ಬರುತ್ತಿದ್ದರು.

ಬಂದವರು ಇಟ್ಟ ಹೆಸರೇ ‘ಆದಾಗ್ಯೂ ಮೇಷ್ಟ್ರು’. ಬೇರೆಯವರು ಮಾತಿನ ನಡುವೆ ಉಸಿರು ತೆಗೆದುಕೊಳ್ಳುವ ಕಡೆ ಮೇಷ್ಟ್ರು ‘ಆದಾಗ್ಯೂ’ ಎನ್ನುತ್ತಿದ್ದರು. ಇನ್ನೊಂದು ಲೋಟ ಚಹಾ ಬೇಕೇ ಎಂದು ಹೆಂಡತಿ ಕೇಳಿದರೆ, ಈಗತಾನೇ ಕುಡಿದೆ, ಆದಾಗ್ಯೂ, ಎಂದು ನಿಲ್ಲಿಸಿಬಿಡುತ್ತಿದ್ದರು. ಆಕೆ ಮುಂದಿನ ಮಾತಿಗೆ ಕಾಯದೆ ಲೋಟ ತಂದು ಕುಕ್ಕುತ್ತಿದ್ದರು.

ಮೇಷ್ಟ್ರ ಜೀವಮಾನದ ಹೆಮ್ಮೆ ಎಂದರೆ ಅವರ ‘ಕೈಕಟ್ಟು ವಿಧಾನ’. ಬರೆಯಲು ಕಲಿಸುವವನು ಕಲಿಯುವವನ ಕಾಗದದ ಮೇಲೆ ಪೆನ್ನು ಊರಬಾರದು, ಅವನ ಕೀಲಿಮಣೆ ಮುಟ್ಟಬಾರದು ಎನ್ನುವುದು ಈ ಕಸುಬಿನ ಮೊದಲ ಕಟ್ಟಳೆ. ಮುಟ್ಟಿದರೆ ಪ್ರಬಂಧ ಅವನದಾಗದೆ ಇವನದಾಗಿಬಿಡುತ್ತದೆ. ಉಳಿದ ಮೇಷ್ಟ್ರುಗಳು ಈ ಕಟ್ಟಳೆಯನ್ನು ಗಡಿಯಾರ ನೋಡಿ ಪಾಲಿಸುತ್ತಿದ್ದರು. ಮನೆಗೆ ಹೋಗುವ ಹೊತ್ತಾದರೆ ‘ಈ ಕಡೆ ಕೊಡಿ’ ಎಂದು ತಾವೇ ನಾಲ್ಕು ಸಾಲು ಗೀಚಿ ಎದ್ದುಬಿಡುತ್ತಿದ್ದರು. ಆದಾಗ್ಯೂ ಮೇಷ್ಟ್ರು ಹಾಗಲ್ಲ. ಕುರ್ಚಿಯಲ್ಲಿ ಕೂತ ಕೂಡಲೇ ಎರಡೂ ಕೈಯನ್ನು ಬೆನ್ನ ಹಿಂದೆ ಕಟ್ಟಿಕೊಳ್ಳುತ್ತಿದ್ದರು. ಮೂಗಿನ ಮೇಲೆ ನೊಣ ಕೂತರೆ ಎತ್ತು ಕೊಡವಿದ ಹಾಗೆ ತಲೆ ಕೊಡವುತ್ತಿದ್ದರೇ ಹೊರತು ಕೈ ಬಿಚ್ಚುತ್ತಿರಲಿಲ್ಲ. ಒಮ್ಮೆ ಕಂಡಕ್ಟರೊಬ್ಬ ತನ್ನ ಪ್ರಬಂಧವನ್ನೆಲ್ಲ ಅಳಿಸಿಹಾಕುವ ಗುಂಡಿಯ ಮೇಲೆ ಬೆರಳಿಟ್ಟಾಗಲೂ ಬಾಯಲ್ಲೇ ಕೂಗಿಕೊಂಡರು, ಕೈ ಮುಂದೆ ಬರಲಿಲ್ಲ. ಪ್ರಬಂಧ ಹೋಯಿತು, ವಿಧಾನ ಉಳಿಯಿತು.

ಈ ವಿಧಾನದ ಮೇಲೆಯೇ ಮೇಷ್ಟ್ರು ಡಾಕ್ಟರೇಟಿಗೆ ಮಹಾಪ್ರಬಂಧ ಬರೆಯುತ್ತಿದ್ದರು. ಮಗಳು ಒಂದನೇ ತರಗತಿಗೆ ಸೇರಿದ ವರ್ಷ ಶುರುವಾದದ್ದು. ಮಗಳು ಓದು ಮುಗಿಸಿ, ಕೆಲಸಕ್ಕೆ ಸೇರಿ, ಮದುವೆಯಾದರೂ ಊಟದ ಮೇಜಿನ ಅರ್ಧ ಭಾಗ ಇನ್ನೂ ಮಹಾಪ್ರಬಂಧದ ವಶದಲ್ಲೇ ಇತ್ತು. ‘ವಯಸ್ಕ ಕಲಿಕಾರ್ಥಿಗಳ ಬರವಣಿಗೆಯಲ್ಲಿ ಸ್ವಂತಿಕೆಯ ವಿಕಾಸ: ಕೈಕಟ್ಟು ವಿಧಾನದ ಒಂದು ವಿಶ್ಲೇಷಣಾತ್ಮಕ ಅಧ್ಯಯನ’ ಎಂದು ಹೆಸರು. ಮೇಷ್ಟ್ರು ಕೈ ಕಟ್ಟಿಕೊಂಡರೆ ಕಲಿಯುವವನ ಸ್ವಂತ ದನಿ ತಾನೇ ಹೊರಗೆ ಬರುತ್ತದೆ ಎಂಬುದು ಅದರ ಒಟ್ಟು ಸಾರ. ಹೆಂಡತಿ ಆಸ್ಪತ್ರೆಯಲ್ಲಿ ಹಿರಿಯ ನರ್ಸು. ದಿನಾ ಇಷ್ಟೊಂದು ಡಾಕ್ಟರುಗಳನ್ನು ನೋಡುತ್ತೇನೆ, ಅವರಲ್ಲಿ ಒಬ್ಬರಾದರೂ ಡಾಕ್ಟರಾಗಲು ಇಷ್ಟು ಒದ್ದಾಡಿದ್ದು ಕಾಣೆ ಎಂದು ಆಕೆ ಮೇಜಿನ ಉಳಿದರ್ಧದಲ್ಲಿ ತಟ್ಟೆ ಇಡುತ್ತ ಹೇಳುವುದಿತ್ತು. ಆಕೆಯ ತಮ್ಮ ಬಂದಾಗಲೆಲ್ಲ ಚಪ್ಪಲಿ ಬಿಡುವ ಮೊದಲೇ, ‘ಭಾವ, ಡಾಕ್ಟ್ರು ಇದ್ದಾರಾ, ಇನ್ನೂ ಬಂದಿಲ್ವಾ?’ ಎಂದು ವಿಚಾರಿಸುತ್ತಿದ್ದ.

ಈ ವರ್ಷ ಮಾತ್ರ ನಗುವ ಹಾಗಿರಲಿಲ್ಲ. ವಿಶ್ವವಿದ್ಯಾಲಯ ಕೊನೆಯ ಗಡುವು ಕೊಟ್ಟಿತ್ತು. ಈ ಬಾರಿ ಆದರೆ ಆಯಿತು. ಇಲ್ಲದಿದ್ದರೆ ನೋಂದಣಿಯೇ ರದ್ದು. ಮೇಷ್ಟ್ರು ಹಗಲೂ ರಾತ್ರಿಯೂ ಕೂತು, ಅಂತೂ ಇಂತೂ ಮುಗಿಸಿದರು. ಮುಗಿಸಿ ಅದನ್ನು ಅತ್ತೆಯ ಮುಂದೆ ಇಟ್ಟರು.

ಅತ್ತೆ ಎಂದರೆ ನಕಲು ಹಿಡಿಯುವ ಸಾಫ್ಟ್‌ವೇರು. ಯಾರ ಬರಹ ಕೊಟ್ಟರೂ ಅದು ತನ್ನ ಉಗ್ರಾಣದಲ್ಲಿರುವ ಬರಹಗಳ ಜೊತೆ ಹೋಲಿಸಿ ನೋಡಿ, ಬೇರೆ ಕಡೆಯಿಂದ ಎತ್ತಿದ ಸಾಲುಗಳಿಗೆ ಕೆಂಪು ಬಳಿಯುತ್ತಿತ್ತು. ಏನು ಕೊಟ್ಟರೂ ತಪ್ಪು ಹುಡುಕುವುದರಿಂದ ಸಿಬ್ಬಂದಿ ಆ ಹೆಸರಿಟ್ಟಿದ್ದರು. ಸ್ವತಃ ಇಬ್ಬರು ಸೊಸೆಯರ ಅತ್ತೆಯಾದ ಗ್ರಂಥಪಾಲಕಿ ಅದನ್ನು ಕೇಳಿಯೂ ಕೇಳದವರ ಹಾಗಿದ್ದರು. ಆ ಸಾಫ್ಟ್‌ವೇರನ್ನು ತರಿಸಲೇಬೇಕೆಂದು ಸಮಿತಿಯಲ್ಲಿ ಮೇಜು ಗುದ್ದಿದವರು ಆದಾಗ್ಯೂ ಮೇಷ್ಟ್ರೇ. ತಮ್ಮ ಸಂಜೆ ತರಗತಿಯವರು ಇದುವರೆಗೆ ಬರೆದ ಪ್ರಬಂಧಗಳನ್ನೆಲ್ಲ ಅದರ ಉಗ್ರಾಣಕ್ಕೆ ಸೇರಿಸಲೇಬೇಕೆಂದು ಹಟ ಹಿಡಿದವರೂ ಅವರೇ. ಸ್ವಂತಿಕೆ ಎಂದರೆ ಏನೆಂದು ಮುಂದಿನವರು ನೋಡಿ ಕಲಿಯಲಿ ಎಂಬುದು ಅವರ ಆಸೆ.

ಹೀಗಾಗಿ ಮಹಾಪ್ರಬಂಧ ಹಾಕಿದ ದಿನ ಮೇಷ್ಟ್ರು ಇಸ್ತ್ರಿ ಮಾಡಿದ ಅಂಗಿ ತೊಟ್ಟು ಗ್ರಂಥಪಾಲಕಿಯ ಕುರ್ಚಿಯ ಹಿಂದೆ ನಿಂತರು. ಪರದೆಯ ಮೇಲೆ ಮೊದಲ ಪುಟ ಕೆಂಪಾಯಿತು. ಎರಡನೆಯದೂ ಕೆಂಪಾಯಿತು. ನಾಲ್ಕನೆಯ ಅಧ್ಯಾಯಕ್ಕೆ ಬರುವ ಹೊತ್ತಿಗೆ ಟೊಮೆಟೊ ಬುಟ್ಟಿ ಬೋರಲು ಬಿದ್ದ ಹಾಗೆ ಕಾಣುತ್ತಿತ್ತು. ಗ್ರಂಥಪಾಲಕಿ ಕನ್ನಡಕ ಒರೆಸಿಕೊಂಡರು. ಮೇಷ್ಟ್ರು ಪರದೆಯನ್ನು ಒರೆಸಿದರು. ಯಂತ್ರ ಕೆಟ್ಟಿದೆ ಎಂದರು. ಆಕೆ ಆ ಸಾಲುಗಳು ಮೂಲದಲ್ಲಿ ಎಲ್ಲಿವೆ ಎಂದು ತೋರಿಸುವ ಗುಂಡಿ ಒತ್ತಿದರು.

ಮೂಲ: ‘ಸೋರುವ ನಲ್ಲಿಗೆ ವಾಷರ್ ಹಾಕುವ ಬಗೆ’. ಬರೆದವರು, ಸಂಜೆ ತರಗತಿಯ ಪ್ಲಂಬರು.

ಮೂಲ: ‘ಮಗುವಿನ ಅಂಗಿ ಕತ್ತರಿಸುವಾಗ ನೆನಪಿಡಬೇಕಾದದ್ದು’. ಬರೆದವರು, ಅವನಿಗಿಂತ ಒಂದು ವರ್ಷ ಮುಂಚಿನ ತರಗತಿಯ ಟೈಲರಮ್ಮ.

ಮೂಲ: ‘ನಿಂತುಹೋದ ಲಿಫ್ಟಿನಲ್ಲಿ ಜನರನ್ನು ಸಮಾಧಾನ ಮಾಡುವುದು’. ಹೀಗೆ ಕೆಳಗೆ ಕೆಳಗೆ ಇಳಿಯುತ್ತಲೇ ಹೋಯಿತು. ಇಡೀ ಸಂಜೆ ತರಗತಿ ಅಲ್ಲಿ ಹಾಜರಿತ್ತು.

ಮೇಷ್ಟ್ರು ಬೇಸಿನ್ನಿಗೆ ಹೋಗಿ ಮುಖ ತೊಳೆದು ಬಂದು ನಿಧಾನವಾಗಿ ಓದಿದರು. ನಲ್ಲಿಯ ಪ್ರಬಂಧದ ಕೊನೆಯಲ್ಲಿ ಹೀಗಿತ್ತು: ‘ಈ ಎಲ್ಲ ಹಿನ್ನೆಲೆಯಲ್ಲಿ ಅವಲೋಕಿಸಿದಾಗ, ಮೇಲ್ನೋಟಕ್ಕೆ ಅತ್ಯಲ್ಪವೆಂದು ತೋರುವ ಈ ಕಾರ್ಯವು, ಆದಾಗ್ಯೂ, ಮಾನವ ಬದುಕಿನ ಸಮಗ್ರತೆಯನ್ನೇ ತನ್ನೊಳಗೆ ಅಡಗಿಸಿಕೊಂಡಿರುವುದನ್ನು ಅಲ್ಲಗಳೆಯುವಂತಿಲ್ಲ.’ ಮಗುವಿನ ಅಂಗಿಯ ಕೊನೆಯಲ್ಲೂ ಅದೇ. ನಿಂತುಹೋದ ಲಿಫ್ಟಿನ ಕೊನೆಯಲ್ಲೂ ಅದೇ. ಮಹಾಪ್ರಬಂಧದಲ್ಲಿ ಮಾತ್ರ ಪುಟಪುಟದಲ್ಲೂ ಅದೇ, ಇಲ್ಲವೇ ಅದರ ಒಡಹುಟ್ಟುಗಳು.

ಆ ವಾಕ್ಯ ಎಲ್ಲಿಂದ ಬಂತೆಂದು ಮೇಷ್ಟ್ರಿಗೆ ಗೊತ್ತಿಲ್ಲದೆ ಇರುತ್ತದೆಯೇ. ಅದು ಅವರ ಮುದ್ದಿನ ಕೂಸು. ಕಲಿಯುವವರು ಕೊನೆಯ ಪ್ಯಾರಾಕ್ಕೆ ಬಂದು ಗಲ್ಲಕ್ಕೆ ಕೈ ಹಚ್ಚಿ ಕೂತಾಗ, ಮೇಷ್ಟ್ರು ಬೆನ್ನ ಹಿಂದೆ ಕಟ್ಟಿದ ಕೈ ಬಿಚ್ಚದೆ, ‘ಹೀಗೆ ಬರೆದ್ರೆ ಹೇಗೆ? ಒಂದು ಸಲಹೆ ಅಷ್ಟೆ’ ಎಂದು ಶುರುಮಾಡಿ, ಅಲ್ಪವಿರಾಮ ಪೂರ್ಣವಿರಾಮಗಳ ಸಮೇತ ಹೇಳಿಬಿಡುತ್ತಿದ್ದರು. ಎದುರಿಗಿದ್ದವರು ಟಪಟಪ ಬೆರಳಚ್ಚು ಮಾಡಿಬಿಡುತ್ತಿದ್ದರು. ಮೇಷ್ಟ್ರು ಮನೆಗೆ ಹೋಗಿ, ಇವತ್ತು ಪ್ಲಂಬರಿನ ಬರವಣಿಗೆಯಲ್ಲಿ ಸ್ವಂತ ದನಿ ಹೊಮ್ಮಿತು ಎಂದು ಟಿಪ್ಪಣಿ ಮಾಡಿಕೊಳ್ಳುತ್ತಿದ್ದರು. ವಂಚನೆ ಏನೂ ಅಲ್ಲ, ಕೈ ಕಟ್ಟಿತ್ತಲ್ಲ.

ಮಾರನೆಯ ದಿನ ವಿಭಾಗದ ಮುಖ್ಯಸ್ಥರು ಕರೆಸಿದರು. ಅವರು ಯಾವ ಕಷ್ಟವನ್ನೂ ಪಕ್ಕದ ಕೋಣೆಗೆ ದಾಟಿಸುವುದರಲ್ಲಿ ನಿಸ್ಸೀಮರು. ವಿಷಯವನ್ನು ಹೊರಗಿನ ಪರೀಕ್ಷಕರಿಗೆ ಆಗಲೇ ತಿಳಿಸಿದ್ದಾಗಿತ್ತು. ವಾರ ಬಿಟ್ಟು ಅವರು ಬಂದು ವಿಚಾರಣೆ ನಡೆಸುವವರಿದ್ದರು. ಇದರಲ್ಲಿ ಎರಡೇ ದಾರಿ ಎಂದು ಮುಖ್ಯಸ್ಥರು ಬಿಡಿಸಿ ಹೇಳಿದರು. ಸಾಲುಗಳು ಮೇಷ್ಟ್ರದೇ ಎಂದಾದರೆ ಮಹಾಪ್ರಬಂಧ ಬಚಾವು. ಆದರೆ ಮೇಷ್ಟ್ರು ಬರೆದುಕೊಟ್ಟದ್ದನ್ನು ಕಲಿಯುವವರು ತಮ್ಮದೆಂದು ಒಪ್ಪಿಸಿದ ಹಾಗಾಗಿ, ಅವರ ಪ್ರಮಾಣಪತ್ರ ವಾಪಸ್ಸು. ಸಾಲುಗಳು ಕಲಿಯುವವರದೇ ಎಂದಾದರೆ ಅವರು ಬಚಾವು. ಮೇಷ್ಟ್ರು ಪ್ಲಂಬರಿನಿಂದ ಕದ್ದ ಹಾಗಾಗುತ್ತದೆ.

‘ಧೈರ್ಯವಾಗಿ ನಂದು ಅಂದ್ಬಿಡಿ ಮೇಷ್ಟ್ರೇ. ಅವ್ರೇನು, ಮುಂದಿನ ವರ್ಷ ಇನ್ನೊಂದ್ಸಲ ಬರೀತಾರೆ. ನಿಮಗೆ ಮುಂದಿನ ವರ್ಷ ಇಲ್ಲ’ ಎಂದರು ಮುಖ್ಯಸ್ಥರು, ಮತ್ತು ಗಡಿಯಾರ ನೋಡಿದರು.

ಆದರೆ ಪ್ಲಂಬರಿಗೂ ಮುಂದಿನ ವರ್ಷ ಇರಲಿಲ್ಲ. ನೀರು ಸರಬರಾಜು ಕಚೇರಿಯಲ್ಲಿ ಅವನಿಗೆ ಮೇಸ್ತ್ರಿಯ ಹುದ್ದೆ ಸಿಕ್ಕಿದ್ದೇ ಈ ಪ್ರಮಾಣಪತ್ರದ ಬಲದಿಂದ. ಹೋದ ತಿಂಗಳಷ್ಟೇ ಹೊಸ ಸಮವಸ್ತ್ರ ತೊಟ್ಟು ಬಂದು ಮೇಷ್ಟ್ರ ಕಾಲು ಮುಟ್ಟಲು ಬಗ್ಗಿ, ಮೇಷ್ಟ್ರ ಕಾಲು ಮೇಜಿನ ಕೆಳಗೆ ಸಿಗದೆ, ಮೇಜಿನ ಕಾಲನ್ನೇ ಮುಟ್ಟಿ ಹೋಗಿದ್ದ.

ಆ ರಾತ್ರಿ ಊಟದ ಹೊತ್ತಿನಲ್ಲಿ ಮೇಷ್ಟ್ರು ಹೆಂಡತಿಗೆ ಎಲ್ಲವನ್ನೂ ಹೇಳಿದರು. ಆಕೆ ಬಡಿಸುವುದನ್ನು ನಿಲ್ಲಿಸದೆ ಕೇಳಿಸಿಕೊಂಡರು.

‘ಅವರದು ಅಂದ್ರೆ ಏನಾಗುತ್ತೆ?’

‘ನನ್ನನ್ನ ಕಳ್ಳ ಅಂತಾರೆ.’

‘ನಿಮ್ಮದು ಅಂದ್ರೆ?’

‘ಪಾಪ, ಅವರ ಕೆಲಸ ಹೋಗುತ್ತೆ.’

‘ಎಲ್ಲಿ, ಆ ವಾಕ್ಯ ಒಂದ್ಸಲ ಓದಿ ನೋಡೋಣ.’

ಮೇಷ್ಟ್ರು ಗಂಟಲು ಸರಿಮಾಡಿಕೊಂಡು, ಏರಿಳಿತದೊಂದಿಗೆ ಓದಿದರು. ಹೆಂಡತಿ ಸೌಟು ಹಿಡಿದುಕೊಂಡೇ ಪೂರ್ತಿ ಕೇಳಿದರು.

‘ಇದಕ್ಕಾ ಇಷ್ಟು ಜಗಳ? ನನ್ನ ಕೇಳಿದ್ರೆ, ಹೊಡೆದು ಕೇಳಿದ್ರೂ ನಂದಲ್ಲ ಅಂತಿದ್ದೆ.’

ಕಳ್ಳ ಎನ್ನಿಸಿಕೊಳ್ಳುವ ಯೋಚನೆಗಿಂತ ಈ ಮಾತೇ ಮೇಷ್ಟ್ರಿಗೆ ಹೆಚ್ಚು ಚುಚ್ಚಿತು. ಅರ್ಧ ಊಟಕ್ಕೆ ಎದ್ದರು. ಆದಾಗ್ಯೂ ಮೊಸರು ಬಡಿಸಿದ ಮೇಲೆ ಮತ್ತೆ ಕೂತರು.

ಮುಂದಿನ ವಾರವೆಲ್ಲ ಅವರು ತ್ಯಾಗಕ್ಕೆ ತಯಾರಿ ನಡೆಸಿದರು. ಸಾಲುಗಳು ಕಲಿಯುವವರದೇ ಎಂದು ಹೇಳಿಬಿಡುವುದು ಎಂದು ತೀರ್ಮಾನವಾಗಿತ್ತು. ತೀರ್ಮಾನ ಮಾಡುವಾಗ ನಿಜವಾಗಿಯೂ ಸಂಕಟವಾಯಿತು. ಆದರೆ ಅದನ್ನು ಹೇಳುವ ಬಗೆಯನ್ನು ಯೋಚಿಸತೊಡಗಿದ ಮೇಲೆ ಸಂಕಟ ಹಿಂದಕ್ಕೆ ಸರಿದು ಸಣ್ಣದೊಂದು ಖುಷಿ ಮುಂದೆ ಬಂತು. ಬಚ್ಚಲುಮನೆಯ ಕನ್ನಡಿಯ ಮುಂದೆ ಭಾಷಣವನ್ನು ಅಭ್ಯಾಸ ಮಾಡಿದರು. ‘ಮಾನ್ಯರೇ, ನಾನು ಇವರಿಂದ ಕಲಿತವನು’ ಎಂದು ಶುರು. ನಡುವೆ ಒಂದು ಕಡೆ ದನಿ ಗದ್ಗದವಾಗಬೇಕು. ಆಗ ಪ್ಲಂಬರು ಸಮವಸ್ತ್ರದ ತೋಳಿನಿಂದ ಕಣ್ಣು ಒರೆಸಿಕೊಳ್ಳುತ್ತಾನೆ, ಟೈಲರಮ್ಮ ಸೆರಗಿಗೆ ಕೈ ಹಾಕುತ್ತಾರೆ, ಪರೀಕ್ಷಕರು ಎದ್ದು ನಿಲ್ಲುತ್ತಾರೆ. ಅದಾದ ಮೇಲೆ ಡಾಕ್ಟರೇಟು ಇದ್ದರೇನು, ಬಿಟ್ಟರೇನು. ಹೊರಗೆ ಹೆಂಡತಿ, ಡ್ಯೂಟಿಗೆ ಹೊತ್ತಾಯಿತು ಎಂದು ಬಾಗಿಲು ಬಡಿಯುತ್ತಿದ್ದರು.

ವಿಚಾರಣೆ ನಡೆದದ್ದು ಗ್ರಂಥಾಲಯದ ಹಿಂದಿನ ಸಣ್ಣ ಕೋಣೆಯಲ್ಲಿ. ಹರಿದ ಪುಸ್ತಕಗಳಿಗೆ ಅಂಟು ಹಾಕುವ ಕೋಣೆ. ಎಲ್ಲೆಲ್ಲೂ ಅಂಟಿನ ವಾಸನೆ. ಹೊರಗಿನ ಪರೀಕ್ಷಕಿ ಬಿಳಿಗೂದಲಿನ ಪುಟ್ಟ ಆಕೃತಿಯ ಹೆಂಗಸು. ಕೂರಲು ಮನೆಯಿಂದಲೇ ಒಂದು ದಿಂಬು ತಂದಿದ್ದರು. ಅವರ ಒಂದು ಕಡೆ ಮುಖ್ಯಸ್ಥರು, ಇನ್ನೊಂದು ಕಡೆ ಗ್ರಂಥಪಾಲಕಿ, ಎದುರಿಗೆ ಪ್ಲಂಬರು ಮತ್ತು ಟೈಲರಮ್ಮ. ಬಾಗಿಲ ಪಕ್ಕದ ಸ್ಟೂಲಿನ ಮೇಲೆ ಮೇಷ್ಟ್ರು, ಭಾಷಣವನ್ನು ನಾಲಿಗೆಯ ತುದಿಯಲ್ಲಿಟ್ಟುಕೊಂಡು.

ಪರೀಕ್ಷಕಿ ಮೇಷ್ಟ್ರನ್ನು ಕೇಳಲೇ ಇಲ್ಲ. ನೇರವಾಗಿ ಪ್ಲಂಬರನ್ನು ಕೇಳಿದರು, ‘ಈ ಕೊನೇ ಸಾಲು ಯಾರದಪ್ಪ?’

‘ನಂದೇ ಅಮ್ಮ’ ಎಂದ ಪ್ಲಂಬರು.

ಮೇಷ್ಟ್ರು ಸ್ಟೂಲಿನಿಂದ ಅರ್ಧ ಎದ್ದರು. ಇವನು ತನ್ನನ್ನು ಉಳಿಸಲು ಸುಳ್ಳು ಹೇಳುತ್ತಿದ್ದಾನೆಯೇ, ಮುಳುಗಿಸಲು ಹೇಳುತ್ತಿದ್ದಾನೆಯೇ ಎಂದು ತಿಳಿಯಲಿಲ್ಲ. ಅವನ ಮುಖ ನೋಡಿದರೆ ಎರಡೂ ಅಲ್ಲ. ಸೋಪು ಹಾಕಿ ತೊಳೆದ ಹಾಗೆ ನಿರ್ಮಲವಾಗಿತ್ತು. ನಿಜವಾಗಿಯೂ ತನ್ನದೆಂದೇ ನಂಬಿದ್ದ.

‘ಅದ್ಹೇಗಪ್ಪ ನಿಂದಾಗುತ್ತೆ?’ ಎಂದರು ಟೈಲರಮ್ಮ, ಅವನ ಕಡೆ ಪೂರ್ತಿ ತಿರುಗಿ. ‘ನಾನು ನಿನಗಿಂತ ಒಂದು ವರ್ಷ ಮುಂಚಿನವಳು. ನಂದನ್ನ ನೋಡ್ಕೊಂಡು ಬರೆದಿದ್ದೀಯ. ನನ್ನ ಅಂಗಡಿ ಬೋರ್ಡ್ ಮೇಲೂ ಅದೇ ಹಾಕ್ಸಿದ್ದೀನಿ, ಬೇಕಾದ್ರೆ ಬಂದು ನೋಡಿ ಅಮ್ಮ.’

ಪ್ಲಂಬರು ತನ್ನ ಹಕ್ಕನ್ನು ಸುಲಭಕ್ಕೆ ಬಿಡುವವನಾಗಿರಲಿಲ್ಲ. ಆ ವಾಕ್ಯವನ್ನು ತಾನು ಎಲ್ಲೆಲ್ಲಿ ಬಳಸಿದ್ದೇನೆಂದು ವಿವರಿಸಿದ. ಪೈಪು ಬದಲಾಯಿಸಲು ಮೇಲಿನವರಿಗೆ ಬರೆದ ಅರ್ಜಿಯಲ್ಲಿ ಹಾಕಿದ್ದ, ಮೂರು ವರ್ಷದಿಂದ ಬಾರದ ಪೈಪು ವಾರದಲ್ಲಿ ಬಂದಿತ್ತು. ನಿವೃತ್ತರಾದ ಹಳೆಯ ಮೇಸ್ತ್ರಿಯನ್ನು ಬೀಳ್ಕೊಡುವಾಗ ಹೇಳಿದ್ದ, ಜನ ಚಪ್ಪಾಳೆ ತಟ್ಟಿದ್ದರು. ಮಾವನ ಮನೆಯಲ್ಲಿ ಮಾತಿಗೆ ಮಾತು ಬೆಳೆದಾಗಲೂ ಒಮ್ಮೆ ಪ್ರಯೋಗಿಸಿದ್ದ, ಮಾವ ತಣ್ಣಗಾಗಿದ್ದರು. ಇಷ್ಟೆಲ್ಲ ಆದ ಮೇಲೆ ತನ್ನದಲ್ಲ ಎಂದರೆ ಹೇಗೆ? ಮೇಷ್ಟ್ರು ಯಾಕೆ ತನ್ನ ವಾಕ್ಯವನ್ನು ಕೇಳದೆ ತೆಗೆದುಕೊಂಡರೋ ಗೊತ್ತಿಲ್ಲ, ಆದರೆ ದೊಡ್ಡವರು, ಬೇಕಿತ್ತೇನೋ, ತೆಗೆದುಕೊಳ್ಳಲಿ, ತನಗೇನೂ ಬೇಜಾರಿಲ್ಲ ಎಂದು ಮೇಷ್ಟ್ರ ಕಡೆ ನೋಡಿ ಸಮಾಧಾನದ ನಗೆ ನಕ್ಕ.

ತ್ಯಾಗ ಮಾಡಲು ಬಂದವರ ಕೈಯಿಂದ ತ್ಯಾಗದ ವಸ್ತುವನ್ನೇ ಕಿತ್ತುಕೊಂಡು, ತಿರುಗಿ ದಾನ ಮಾಡಿದ ಹಾಗಾಯಿತು. ತಾವೇ ಎತ್ತಿ ಕೊಡುವುದು ಬೇರೆ. ಇವರಿಬ್ಬರೂ ತಮ್ಮ ಮನೆಯ ಸೊತ್ತೆಂದು ಪಾಲಿಗೆ ಬಡಿದಾಡುವುದನ್ನು ಕೂತು ನೋಡುವುದು ಬೇರೆ. ‘ಅದು ನಂದು ಕಣಯ್ಯ’ ಎಂಬ ಮಾತು ಮೇಷ್ಟ್ರ ಗಂಟಲಿಗೆ ಬಂದು ಕೂತಿತು. ಹೇಳಿಬಿಟ್ಟರೆ ಡಾಕ್ಟರೇಟು ಕೈಯಲ್ಲಿ. ಮುಖ್ಯಸ್ಥರು ಕಣ್ಣಲ್ಲೇ, ಹೇಳಿ, ಹೇಳಿ ಎನ್ನುತ್ತಿದ್ದರು.

‘ಎಲ್ಲಿ, ನೋಡದೆ ಹೇಳು’ ಎಂದರು ಪರೀಕ್ಷಕಿ ಪ್ಲಂಬರಿಗೆ.

ಅವನು ಎದ್ದು ನಿಂತು, ಸಮವಸ್ತ್ರ ಎಳೆದುಕೊಂಡು, ‘ಈ ಎಲ್ಲ ಹಿನ್ನೆಲೆಯಲ್ಲಿ ಅವಲೋಕಿಸಿದಾಗ’ ಎಂದು ಶುರುಮಾಡಿದ. ‘ತೋರುವ ಈ ಕಾರ್ಯವು’ ಎಂಬಲ್ಲಿಗೆ ಬಂದು ಒಂದು ಗಳಿಗೆ ತಡವರಿಸಿದ.

‘ಆದಾಗ್ಯೂ’ ಎಂದಿತು ಬಾಗಿಲ ಪಕ್ಕದ ಸ್ಟೂಲು.

ಎಲ್ಲರೂ ತಿರುಗಿ ನೋಡಿದರು. ಮೇಷ್ಟ್ರ ಎರಡೂ ಕೈ ಬೆನ್ನ ಹಿಂದೆ ಭದ್ರವಾಗಿ ಕಟ್ಟಿದ್ದವು. ಮುಖ ಮುಂದಕ್ಕೆ ಬಾಗಿತ್ತು. ಬಾಯಿ, ಮುಂದಿನ ಮಾತಿಗೆ ಸಿದ್ಧವಾಗಿ, ಇನ್ನೂ ತೆರೆದೇ ಇತ್ತು.

ಪರೀಕ್ಷಕಿ ದಿಂಬಿನ ಮೇಲೆ ಸ್ವಲ್ಪ ಸರಿದು ಕೂತು ಅವರನ್ನೇ ನೋಡಿದರು. ‘ಮೇಷ್ಟ್ರೇ, ನೀವು ಮೇಜಿನ ಹತ್ರ ಕೂರೋದು ಹೀಗೇನಾ?’

ಬಚ್ಚಲುಮನೆಯ ಭಾಷಣ ಅಷ್ಟು ಹೊತ್ತಿಗೆ ಎಲ್ಲಿಗೆ ಹೋಗಿತ್ತೋ. ಹುಡುಕಿದರೂ ‘ಮಾನ್ಯರೇ’ ಕೂಡ ಸಿಗಲಿಲ್ಲ. ಮೇಷ್ಟ್ರು ಪ್ಲಂಬರಿನ ಮುಖ ನೋಡಿದರು. ವಾಕ್ಯದ ನಡುವೆ ನಿಂತು, ಮುಂದಿನದನ್ನು ಹೇಳಲು ಇವರ ಅಪ್ಪಣೆಗೆ ಕಾಯುತ್ತಿದ್ದ. ಎಷ್ಟೋ ಸಂಜೆ ಅವನು ಹಾಗೆಯೇ ಕಾದದ್ದು ಇವರಿಗೆ ಈಗ ಕಂಡಿತು. ಅವನಷ್ಟೇ ಅಲ್ಲ, ಕಂಡಕ್ಟರು, ಲಿಫ್ಟಿನವನು, ಅಜ್ಜಿಯರು, ಎಲ್ಲರೂ ಬೆರಳನ್ನು ಕೀಲಿಮಣೆಯ ಮೇಲೆ ಇಟ್ಟುಕೊಂಡು ಇವರ ಬಾಯನ್ನೇ ನೋಡುತ್ತಿದ್ದರು.

‘ನಾನು ಹೇಳಿದ್ದು. ಅವರು ಬರೆದದ್ದು’ ಎಂದರು ಮೇಷ್ಟ್ರು. ‘ಕೈ ಕಟ್ಟಿದ್ದೆ. ಬಾಯಿ ಕಟ್ಟಿರ್ಲಿಲ್ಲ. ತಪ್ಪು ಅವರದಲ್ಲ.’

ಅವರು ಎಂದೂ ಇಷ್ಟು ಚಿಕ್ಕದಾಗಿ ಮಾತು ಮುಗಿಸಿದವರಲ್ಲ. ಮುಂದೆ ಇನ್ನೂ ಇರಬಹುದೆಂದು ಎಲ್ಲರೂ ಕಾದರು. ಏನೂ ಬರಲಿಲ್ಲ. ಮುಖ್ಯಸ್ಥರು ಎರಡು ದಾರಿಯೂ ಮುಚ್ಚಿಹೋದುದನ್ನು ಕಂಡು ಕಿಟಕಿಯ ಹೊರಗೆ ಮೂರನೆಯದನ್ನು ಹುಡುಕತೊಡಗಿದರು.

ಪರೀಕ್ಷಕಿ ಕೈಚೀಲದಿಂದ ಒಂದು ಪೆನ್ಸಿಲು ತೆಗೆದರು. ಮೊದಲು ನಲ್ಲಿಯ ಪ್ರಬಂಧವನ್ನು ಎಳೆದುಕೊಂಡು ಕೊನೆಯ ಸಾಲಿನ ಮೇಲೆ ಅಡ್ಡಗೆರೆ ಎಳೆದರು. ಉಳಿದದ್ದನ್ನು ಓದಿದರು. ಆಮೇಲೆ ಮಗುವಿನ ಅಂಗಿ. ಅದಕ್ಕೂ ಒಂದು ಗೆರೆ. ಮನೆಗೆ ಅಂಟಿಸಿದ ಬಣ್ಣದ ಕಾಗದ ಕಿತ್ತರೆ ಮನೆ ಬೀಳುತ್ತದೆಯೇ, ಇವು ಗಟ್ಟಿಯಾಗಿ ನಿಂತಿವೆ, ಬರೆದದ್ದು ಇವರೇ ಎಂದರು. ಪ್ರಮಾಣಪತ್ರಗಳನ್ನು ಯಾರೂ ಮುಟ್ಟಬೇಕಾಗಿಲ್ಲ.

ಪ್ಲಂಬರಿಗೆ ಇದರಿಂದ ಸಂತೋಷವಾಗಲಿಲ್ಲ. ಬಗ್ಗಿ ಅಡ್ಡಗೆರೆಯನ್ನು ನೋಡಿ, ‘ಇರೋದ್ರಲ್ಲಿ ಅದೊಂದೇ ಚೆನ್ನಾಗಿತ್ತಮ್ಮ’ ಎಂದ. ಟೈಲರಮ್ಮನೂ ಹೌದೆಂದು ತಲೆಯಾಡಿಸಿದರು. ಆ ದಿನವೆಲ್ಲ ಮೇಷ್ಟ್ರ ಕಣ್ಣಲ್ಲಿ ನೀರು ಬಂದದ್ದು ಆಗ ಮಾತ್ರ.

ಕೊನೆಗೆ ಪರೀಕ್ಷಕಿ ಮಹಾಪ್ರಬಂಧವನ್ನು ಎರಡೂ ಕೈಯಲ್ಲಿ ಎಳೆದುಕೊಂಡರು. ಪೆನ್ಸಿಲು ಗೆರೆ ಎಳೆಯುತ್ತ ಹೋಯಿತು. ನಡುವೆ ಒಮ್ಮೆ ಚೂಪು ಮಾಡಲು ನಿಂತಿತು. ಗ್ರಂಥಪಾಲಕಿ ಎದ್ದು ಎಲ್ಲರಿಗೂ ಚಹಾ ತರಿಸಿದರು, ಕುಡಿದದ್ದೂ ಆಯಿತು. ಮುಗಿಯುವ ಹೊತ್ತಿಗೆ ಮಹಾಪ್ರಬಂಧ ಕಾಯಿಲೆಯಿಂದ ಎದ್ದವರ ಹಾಗೆ ಬಡಕಲಾಗಿತ್ತು. ಆದರೆ ಉಳಿದದ್ದು ಇತ್ತು. ದೊಡ್ಡವರು ಮೊದಲ ಸಾಲಿಗೆ ಯಾಕೆ ಹೆದರುತ್ತಾರೆ, ಗೊತ್ತಿರುವ ಕೆಲಸವನ್ನು ಬಾಯಲ್ಲಿ ಹೇಳುವವರು ಪರದೆ ಕಂಡ ಕೂಡಲೇ ಯಾಕೆ ಮೂಕರಾಗುತ್ತಾರೆ, ಪಕ್ಕದಲ್ಲಿ ಇನ್ನೊಬ್ಬರು ಕೂತಿದ್ದರೆ ಸಾಕು ಹೇಗೆ ಧೈರ್ಯ ಬರುತ್ತದೆ. ಇದನ್ನೆಲ್ಲ ಮೇಷ್ಟ್ರು ಕಣ್ಣಾರೆ ಕಂಡು ಬರೆದಿದ್ದರು, ಬರೆದು ‘ಅವಲೋಕಿಸಿದಾಗ’ಗಳ ಅಡಿಯಲ್ಲಿ ಹೂತಿದ್ದರು.

ಪರೀಕ್ಷಕಿಯ ತೀರ್ಪು ಇಷ್ಟು. ಅಳಿಸಿದ್ದೆಲ್ಲ ಅಳಿಸಿಯೇ ಇರಲಿ. ನಾಲ್ಕನೆಯ ಅಧ್ಯಾಯದಲ್ಲಿ ಕಲಿಯುವವರ ಸ್ವಂತ ದನಿ ಹೊಮ್ಮಿತು ಎಂದಿದೆಯಲ್ಲ, ಅದು ಸುಳ್ಳು. ಅದನ್ನು ತೆಗೆದು, ಕೈ ಕಟ್ಟಿ ಕೂತ ಮೇಷ್ಟ್ರ ಬಾಯಿ ಏನೇನು ಮಾಡಿತು ಎಂಬ ನಿಜವನ್ನು ಬರೆಯಬೇಕು. ಗಡುವಿನೊಳಗೆ ಆ ಒಂದು ಅಧ್ಯಾಯ ಬಂದರೆ ಪದವಿ. ‘ಇಂಥ ತಪ್ಪನ್ನ ನಮ್ಮ ಕಸುಬಿನವರೆಲ್ಲ ಮಾಡ್ತೀವಿ. ಸಿಕ್ಕಿಹಾಕ್ಕೊಂಡವರು ನೀವೊಬ್ಬರೇ, ಅದಕ್ಕೇ ನೀವೇ ಬರೀಬೇಕು’ ಎಂದು ದಿಂಬನ್ನು ಕಂಕುಳಲ್ಲಿ ಇರುಕಿಕೊಂಡು ಎದ್ದರು.

ಆ ಅಧ್ಯಾಯ ಮೇಷ್ಟ್ರನ್ನು ಹಣ್ಣುಮಾಡಿತು. ಊಟದ ಮೇಜಿನ ಮುಂದೆ ಕೂತರೆ ಮೊದಲ ವಾಕ್ಯವೇ ಬಾರದು. ಬಂದರೆ ‘ಈ ಎಲ್ಲ ಹಿನ್ನೆಲೆಯಲ್ಲಿ’ ಎಂದೇ ಬರುವುದು. ಬರೆಯುವುದು, ಹೊಡೆದುಹಾಕುವುದು, ಎದ್ದು ಕಿಟಕಿಯ ಹತ್ತಿರ ನಿಲ್ಲುವುದು. ಹೆಂಡತಿ ಡ್ಯೂಟಿ ಮುಗಿಸಿ ಬಂದು, ಹೀಗೆ ನಿಂತ ಗಂಡನನ್ನು ನೋಡಿ ಒಂದು ದಿನ ಕೇಳಿದರು, ಏನು ಬರೆಯಬೇಕೆಂದಿದ್ದೀರಿ, ನನಗೆ ಹೇಳಿದ ಹಾಗೆ ಹೇಳಿ.

‘ನಾನು ತುಂಬಾ ಮಾತಾಡಿದೆ’ ಎಂದರು ಮೇಷ್ಟ್ರು, ಕಿಟಕಿಯ ಕಡೆಗೆ.

‘ಅಷ್ಟೇ ಬರೀರಿ. ಅದಂತೂ ನಿಮ್ಮ ಸ್ವಂತದ್ದು. ನಾನು ಬೇಕಾದ್ರೆ ಸಾಕ್ಷಿ ಹೇಳ್ತೀನಿ.’

ಅಧ್ಯಾಯ ಅದೇ ವಾಕ್ಯದಿಂದ ಶುರುವಾಯಿತು. ಎಲ್ಲ ಸೇರಿ ಕೆಲವೇ ಪುಟ. ಅತ್ತೆಗೆ ಹಾಕಿದರೆ ಒಂದು ಸಾಲೂ ಕೆಂಪಾಗಲಿಲ್ಲ. ಗ್ರಂಥಪಾಲಕಿ ಯಂತ್ರವೇ ಕೆಟ್ಟಿರಬೇಕೆಂದು ಇನ್ನೊಮ್ಮೆ ಹಾಕಿ ನೋಡಿದರು. ಗಡುವಿನ ಹಿಂದಿನ ವಾರ ಪದವಿ ಮಂಜೂರಾಯಿತು. ಭಾವಮೈದುನ ಹೊಟ್ಟೆನೋವೆಂದು ಹೇಳಿಕೊಂಡು ಮೊದಲಿಗನಾಗಿ ಬಂದು ಅಭಿನಂದಿಸಿ ಹೋದ.

ಹೊಸ ಡಾಕ್ಟರು ಮೇಜಿಗೆ ಹೋಗುವುದನ್ನು ಬಿಡಲಿಲ್ಲ. ಈಗ ಕೈಗಳು ಮುಂದೆ, ಮಡಿಲಲ್ಲಿ ಇರುತ್ತವೆ. ತುಟಿ ಮಾತ್ರ ಹೊಲಿದ ಹಾಗೆ ಬಿಗಿ. ಕಲಿಯುವವರು ಕೊನೆಯ ಪ್ಯಾರಾಕ್ಕೆ ಬಂದು ಗಲ್ಲಕ್ಕೆ ಕೈ ಹಚ್ಚಿದರೆ ಮೇಷ್ಟ್ರು ಬೇಸಿನ್ನಿನ ಕಡೆ ನೋಡುತ್ತ ಕೂರುತ್ತಾರೆ. ಹೊಟ್ಟೆಯೊಳಗೆ ವಾಕ್ಯಗಳು ಸಾಲುಗಟ್ಟಿ ಬಂದು ಹಲ್ಲಿನ ಹಿಂದೆ ನಿಲ್ಲುತ್ತವೆ. ಮೇಷ್ಟ್ರು ನುಂಗಿಕೊಳ್ಳುತ್ತಾರೆ. ಹಣೆಯ ಮೇಲೆ ಬೆವರು ಮೂಡುತ್ತದೆ. ಎದುರಿಗಿದ್ದವರು ಕಾದು ಕಾದು ಸಾಕಾಗಿ, ತಮಗೆ ತೋಚಿದ್ದೇನನ್ನೋ ಬರೆದುಕೊಂಡು ಎದ್ದು ಹೋಗುತ್ತಾರೆ.

ಮೊನ್ನೆ ಟೈಲರಮ್ಮ ತಮ್ಮ ತಂಗಿಯನ್ನು ಸಂಜೆ ತರಗತಿಗೆ ಸೇರಿಸಲು ಬಂದವರಿಗೆ, ಹೋಗುವಾಗ ಮೆಟ್ಟಿಲ ಹತ್ತಿರ ಪ್ಲಂಬರು ಸಿಕ್ಕಿದ. ಇಬ್ಬರೂ ಮೇಷ್ಟ್ರನ್ನು ಮಾತಾಡಿಸಿಯೇ ಬಂದಿದ್ದರು.

‘ಎಂಥಾ ಮನುಷ್ಯ, ಹೇಗಾಗಿಹೋದ್ರು ನೋಡು’ ಎಂದರು ಟೈಲರಮ್ಮ.

‘ಹೂಂ ಅಕ್ಕ’ ಎಂದ ಪ್ಲಂಬರು, ನಿಜವಾದ ದುಃಖದಿಂದ. ‘ಡಾಕ್ಟ್ರಾದ್ಮೇಲೆ ಒಂದು ಮಾತಿಲ್ಲ, ಕತೆಯಿಲ್ಲ. ಜಂಬ ಬಂದ್ಬಿಟ್ಟಿದೆ.’